ಕಾಲ್ಚೆಂಡಿಗೆ ಇಳಿದ ಹುಡುಗೀರು: ಹಾಲ್ಕುರಿಕೆಗೆ ಇಪ್ಪತ್ತು ಗುಂಟೆ ಸಿಕ್ಕೀತೆ?

‘ಕಿಕ್‌ಸ್ಟಾರ್ಟ್’ ಅಂದರೆ ನಮ್ಮ ಹಾಲ್ಕುರಿಕೆ, ಹೊನ್ನವಳ್ಳಿ ಕಡೆಯವರಿಗೆ ಗೊತ್ತಿರೋದು ಒಂದೇ. ಮಳೆಗಾಲದ ಬೆಳಗ್ಗೆ ಹಳೇ ಮೋಟಾರ್ ಬೈಕು ಹತ್ತು ಸಲ ಒದೆಸಿಕೊಂಡು ಹನ್ನೊಂದನೇ ಸಲಕ್ಕೆ ಕೆಮ್ಮುತ್ತಲ್ಲ, ಅದು. ಆದರೆ ಬೆಂಗಳೂರಿನಲ್ಲಿ ಇದೇ ಹೆಸರಿನ ಒಂದು ಫುಟ್‌ಬಾಲ್ ಕ್ಲಬ್ಬು ಇದೆ. ಕಿಕ್‌ಸ್ಟಾರ್ಟ್ ಎಫ್.ಸಿ. ಅಂತ. ಅದರ ಹೆಣ್ಣುಮಕ್ಕಳ ತಂಡ 2023ರ ಮೇ 21ರಂದು ಅಹಮದಾಬಾದಿನಲ್ಲಿ ಅಖಿಲ ಭಾರತ ಮಟ್ಟದ ವನಿತೆಯರ ಲೀಗಿನ ಫೈನಲ್ ಪಂದ್ಯ ಆಡಿತು. ಕರ್ನಾಟಕದ ಒಂದು ತಂಡ ದೇಶದ ಎರಡನೇ ಸ್ಥಾನದಲ್ಲಿ ನಿಂತಿತು.

ಈ ಸುದ್ದಿ ನಿಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತಿತ್ತು? ತಿಪಟೂರು ಬಸ್ ಸ್ಟ್ಯಾಂಡಿನಲ್ಲಿ ಐ.ಪಿ.ಎಲ್. ಸ್ಕೋರು ಕೇಳಿದರೆ ಕಡಲೆಕಾಯಿ ಮಾರುವ ಹುಡುಗನೂ ಥಟ್ಟಂತ ಹೇಳ್ತಾನೆ. ಅದೇ ಮೇ ತಿಂಗಳು, ಅದೇ ಅಹಮದಾಬಾದು. ಕ್ರಿಕೆಟ್ಟಿನ ಫೈನಲ್ಲೂ ಅಲ್ಲೇ ನಡೆಯಿತು. ಒಂದಕ್ಕೆ ಊರು ಊರೇ ನಿದ್ದೆಗೆಟ್ಟು ಕೂತಿತ್ತು, ಇನ್ನೊಂದರ ಫಲಿತಾಂಶ ಪತ್ರಿಕೆಯ ಒಳಪುಟದಲ್ಲಿ ಬಂದು ಮಾರನೇ ದಿನ ಬೋಂಡದ ಪೊಟ್ಟಣವಾಯಿತು.

ಸೋತದ್ದೇನೋ ನಿಜ, ಅದೂ ಜೋರಾಗಿಯೇ. ಕೇರಳದ ಗೋಕುಲಂ ತಂಡ ಐದು ಗೋಲು ಹೊಡೆಯಿತು, ನಮ್ಮವರದ್ದು ಸೊನ್ನೆ. ಆದರೆ ಆ ವರ್ಷ ಲೀಗಿಗೆ ಇಳಿದದ್ದು 16 ತಂಡಗಳು. ಹದಿನಾಲ್ಕನ್ನು ಹಿಂದೆ ಹಾಕಿ ಫೈನಲ್ ಮುಟ್ಟೋದು ಕೊಬ್ಬರಿ ಮಂಡೀಲಿ ರೇಟು ಕೂಗಿದಷ್ಟು ಸುಲಭವಲ್ಲ. ಅದಕ್ಕೆ ಹಿಂದಿನ ವರ್ಷ, ಅಂದರೆ 2022ರಲ್ಲಿ ಭುವನೇಶ್ವರದಲ್ಲಿ ನಡೆದ ಲೀಗಿನಲ್ಲಿ ಇದೇ ಕ್ಲಬ್ಬು ಮೂರನೇ ಸ್ಥಾನ ಪಡೆದಿತ್ತು.

ಗೆದ್ದ ಊರುಗಳನ್ನು ನೋಡಿ

ಈ ವನಿತೆಯರ ಲೀಗು ಹಳೇದೇನಲ್ಲ. ಮೊದಲ ಸಲ ನಡೆದದ್ದು 2016-17ರಲ್ಲಿ. ದೆಹಲಿಯ ಅಂಬೇಡ್ಕರ್ ಸ್ಟೇಡಿಯಮ್ಮಿನಲ್ಲಿ ಫೈನಲ್. ಗೆದ್ದದ್ದು ಮಣಿಪುರದ ಈಸ್ಟರ್ನ್ ಸ್ಪೋರ್ಟಿಂಗ್ ಯೂನಿಯನ್. ಮರುವರ್ಷ ಗೆದ್ದದ್ದು ಕಟಕ್‌ನ ರೈಸಿಂಗ್ ಸ್ಟೂಡೆಂಟ್ಸ್ ಕ್ಲಬ್ಬು. 2018-19ರಲ್ಲಿ ಮಧುರೆಯ ಸೇತು ಎಫ್.ಸಿ. ಆಮೇಲೆ ಕಲ್ಲಿಕೋಟೆಯ ಗೋಕುಲಂ ಮೂರು ಸಲ ಗೆದ್ದು ಕಪ್ಪನ್ನು ತಮ್ಮ ಮನೆ ಅಟ್ಟದ ಮೇಲೇ ಇಟ್ಟುಕೊಂಡರು.

ಈ ಪಟ್ಟಿಯನ್ನು ಅಂಗಡಿಯವರು ಲೆಕ್ಕದ ಪುಸ್ತಕ ನೋಡುವ ಹಾಗೆ ಒಮ್ಮೆ ನೋಡಬೇಕು. ಇಂಫಾಲ, ಕಟಕ್, ಮಧುರೆ, ಕಲ್ಲಿಕೋಟೆ. ಇದರಲ್ಲಿ ದೆಹಲಿ ಇದೆಯೆ? ಬೊಂಬಾಯಿ ಇದೆಯೆ? ಮದರಾಸು ಇದೆಯೆ? ಇಲ್ಲ. 2023-24ರಲ್ಲಿ ಭುವನೇಶ್ವರದ ಒಡಿಶಾ ಎಫ್.ಸಿ., 2024-25ರಲ್ಲಿ ಕಲ್ಕತ್ತೆಯ ಈಸ್ಟ್ ಬೆಂಗಾಲ್ ಗೆದ್ದವು. ಲೀಗು ಶುರುವಾಗಿ ಏಳೆಂಟು ವರ್ಷ ಕಳೆದ ಮೇಲೆ ಕಪ್ಪು ಒಂದು ಮಹಾನಗರದ ಕಡೆ ಮುಖ ಮಾಡಿತು. ದುಡ್ಡು ಇರೋ ಕಡೆ ಆಟ ಇರುತ್ತೆ ಅನ್ನುವ ಮಾತು ಕ್ರಿಕೆಟ್ಟಿಗೆ ಸರಿ ಇರಬಹುದು. ಹೆಣ್ಣುಮಕ್ಕಳ ಫುಟ್‌ಬಾಲ್‌ಗೆ ಆ ಲೆಕ್ಕ ತಾಳೆ ಆಗೋದಿಲ್ಲ.

ಮಣಿಪುರದವರೇ ಯಾಕೆ ಇಷ್ಟು ಮುಂದೆ ಅಂತ ಕೇಳ್ತೀರಿ. ಅಲ್ಲಿ ಕೇರಿಗೊಂದು ಕ್ಲಬ್ಬು, ಕ್ಲಬ್ಬಿಗೊಂದು ಮೈದಾನ. ಅದಕ್ಕಿಂತ ಮುಖ್ಯ, ಆಡಿದವಳಿಗೆ ಅಲ್ಲಿ ಪೊಲೀಸ್ ಇಲಾಖೆಯಲ್ಲಿ ಕೆಲಸ. ಮಣಿಪುರ ಪೊಲೀಸ್‌ನ ಹೆಣ್ಣುಮಕ್ಕಳ ತಂಡವೇ 2018-19ರ ಲೀಗಿನಲ್ಲಿ ಎರಡನೇ ಸ್ಥಾನಕ್ಕೆ ಬಂದಿತ್ತು. ದೇಶದ ನಾಯಕಿಯಾಗಿದ್ದ ಒಯಿನಂ ಬೆಂಬೆಂ ದೇವಿ ಪೊಲೀಸ್ ಕೆಲಸದಲ್ಲಿದ್ದುಕೊಂಡೇ ಆಡಿದವರು. 2017ರಲ್ಲಿ ಅರ್ಜುನ, 2020ರಲ್ಲಿ ಪದ್ಮಶ್ರೀ. ಅಪ್ಪ ಅಮ್ಮನಿಗೆ ಇನ್ನೇನು ಬೇಕು? ‘ಆಡಿ ಏನು ಉದ್ಧಾರ ಆಗ್ತೀಯ’ ಅಂತ ನಮ್ಮ ಕಡೆ ಕೇಳುವ ಪ್ರಶ್ನೆಗೆ ಅಲ್ಲಿ ಉತ್ತರ ಖಾಕಿ ಸಮವಸ್ತ್ರ ಹಾಕಿಕೊಂಡು ಬೀದೀಲಿ ಓಡಾಡುತ್ತೆ.

ನಮ್ಮ ಕಿಕ್‌ಸ್ಟಾರ್ಟ್ ತಂಡದ ಪಟ್ಟಿಯಲ್ಲೂ ಮಣಿಪುರ, ತಮಿಳುನಾಡು ಕಡೆಯ ಹೆಸರುಗಳು ಎದ್ದು ಕಾಣುತ್ತವೆ. ಅದು ತಪ್ಪೇನಲ್ಲ. ಆಡೋರು ಎಲ್ಲಿಂದ ಬಂದರೂ ತಂಡ ಕಟ್ಟಿದವರು ಇಲ್ಲಿಯವರೇ, ಕೀರ್ತಿ ಬರೋದೂ ರಾಜ್ಯಕ್ಕೇ. ಆದರೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಹುಡುಗಿ ಆ ಪಟ್ಟಿಗೆ ಏರಬೇಕಾದರೆ ಏಣಿ ಯಾವುದು? ಬೆಂಗಳೂರಲ್ಲಿ ಅಟ್ಟ ಇದೆ, ನಮ್ಮೂರಲ್ಲಿ ನೆಲ ಇದೆ. ನಡುವಿನ ಮೆಟ್ಟಿಲು ಎಲ್ಲಿ ಅನ್ನೋದು ಈ ಲೇಖನದ ಪ್ರಶ್ನೆ.

ನಲವತ್ತು ವರ್ಷದ ಹಿಂದಿನ ಮಾತು

ಹೆಂಗಸರು ಚೆಂಡು ಒದೆಯೋದು ಮೊನ್ನೆ ಮೊನ್ನೆ ಶುರುವಾದ ಫ್ಯಾಷನ್ ಅಂತ ತಿಳಿದವರು ಬಹಳ ಜನ. ಅದು ಪೂರ್ತಿ ತಪ್ಪು. ಭಾರತದಲ್ಲಿ ವನಿತೆಯರ ಫುಟ್‌ಬಾಲ್ ಫೆಡರೇಷನ್ ಹುಟ್ಟಿದ್ದು 1975ರಲ್ಲಿ, ಲಕ್ನೋದಲ್ಲಿ. ದೇಶದಲ್ಲಿ ತುರ್ತುಪರಿಸ್ಥಿತಿ ಬಂದ ವರ್ಷ ಅದು. 1980ರ ಜನವರಿಯಲ್ಲಿ ಕಲ್ಲಿಕೋಟೆಯಲ್ಲಿ ಏಷ್ಯಾ ಚಾಂಪಿಯನ್‌ಶಿಪ್ ನಡೆಯಿತು. ಭಾರತದಿಂದ ಎರಡು ತಂಡ ಇಳಿದವು, ದಕ್ಷಿಣದ್ದು ಒಂದು, ಉತ್ತರದ್ದು ಒಂದು. ದಕ್ಷಿಣದ ತಂಡ ಫೈನಲ್‌ಗೆ ಹೋಗಿ ತೈವಾನ್ ಎದುರು ಎರಡು ಗೋಲಿನಿಂದ ಸೋತಿತು. 1983ರಲ್ಲಿ ಬ್ಯಾಂಕಾಕಿನಲ್ಲಿ ಮತ್ತೆ ಎರಡನೇ ಸ್ಥಾನ. ಅದೇ 1983ರಲ್ಲಿ ಬಂಗಾಳದ ಶಾಂತಿ ಮಲ್ಲಿಕ್ ಅವರಿಗೆ ಅರ್ಜುನ ಪ್ರಶಸ್ತಿ ಬಂತು. ಫುಟ್‌ಬಾಲ್ ಆಡಿ ಅರ್ಜುನ ಪಡೆದ ಮೊದಲ ಹೆಣ್ಣುಮಗಳು ಆಕೆ.

ಆಗ ನಮ್ಮ ರಾಜ್ಯದವರೂ ಹಿಂದೆ ಬಿದ್ದಿರಲಿಲ್ಲ. ಬೆಂಗಳೂರಿನ ಚಿತ್ರಾ ಗಂಗಾಧರನ್ ಕರ್ನಾಟಕಕ್ಕೂ ಭಾರತಕ್ಕೂ ಆಡಿದವರು. ಆ ತಲೆಮಾರಿನ ಆಟಗಾರ್ತಿಯರು ರಿಸರ್ವೇಷನ್ ಇಲ್ಲದ ರೈಲು ಬೋಗಿಯಲ್ಲಿ ನಿಂತು, ಶಾಲೆ ಕೊಠಡಿಗಳ ನೆಲದ ಮೇಲೆ ಮಲಗಿ ಪಂದ್ಯ ಆಡಿ ಬಂದವರು. ಕೈಯಿಂದ ದುಡ್ಡು ಹಾಕಿಕೊಂಡು ದೇಶಕ್ಕೆ ಆಡಿದರು ಅಂದರೆ ಉತ್ಪ್ರೇಕ್ಷೆ ಅಲ್ಲ.

1990ರ ದಶಕದಲ್ಲಿ ವನಿತೆಯರ ಆಟ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನ ಸೂರಿನ ಕೆಳಗೆ ಬಂತು. ಬಡವರ ಮನೆ ಹುಡುಗಿ ಶ್ರೀಮಂತರ ಮನೆ ಸೇರಿದಳು ಅಂತ ಎಲ್ಲ ಸಂತೋಷಪಟ್ಟರು. ಆಮೇಲೇನಾಯ್ತು? 2009ರ ಹೊತ್ತಿಗೆ ಭಾರತದ ತಂಡ ಒಂದೂವರೆ ವರ್ಷ ಒಂದೂ ಅಂತಾರಾಷ್ಟ್ರೀಯ ಪಂದ್ಯ ಆಡಿರಲಿಲ್ಲ. ಫೀಫಾದವರು ರ‍್ಯಾಂಕಿಂಗ್ ಪಟ್ಟಿಯಿಂದಲೇ ಹೆಸರು ತೆಗೆದು ಹಾಕಿದರು. ಏಷ್ಯಾದಲ್ಲಿ ಎರಡನೇ ಸ್ಥಾನದಲ್ಲಿದ್ದ ತಂಡ ಪಟ್ಟಿಯಲ್ಲೇ ಇಲ್ಲ! ಶ್ರೀಮಂತರ ಮನೆ ಅಂದರೆ ಕೆಲವು ಸಲ ಹೀಗೇ. ಅಟ್ಟದ ಮೇಲೆ ಹತ್ತಿಸಿ ಮರೆತೇ ಬಿಡ್ತಾರೆ.

ಈಗ ಸ್ವಲ್ಪ ಬೆಳಕು ಬಂದಿದೆ. 2025ರ ಜುಲೈ 5ರಂದು ಥಾಯ್ಲೆಂಡಿನ ಚಿಯಾಂಗ್ ಮಾಯ್‌ನಲ್ಲಿ ನಮ್ಮ ಹುಡುಗೀರು ಥಾಯ್ಲೆಂಡನ್ನು ಅವರ ನೆಲದಲ್ಲೇ 2-1ರಿಂದ ಸೋಲಿಸಿದರು. ಎರಡೂ ಗೋಲು ಬಂಗಾಳದ ಸಂಗೀತಾ ಬಾಸ್‌ಫೋರ್ ಹೊಡೆದದ್ದು. ಆಸ್ಟ್ರೇಲಿಯಾದಲ್ಲಿ ನಡೆಯುವ 2026ರ ಏಷ್ಯಾ ಕಪ್ಪಿಗೆ ಟಿಕೆಟ್ಟು ಸಿಕ್ಕಿತು. ಅರ್ಹತಾ ಪಂದ್ಯ ಆಡಿ, ಗೆದ್ದು ಭಾರತ ಆ ಕಪ್ಪಿಗೆ ಹೋದದ್ದು ಅದೇ ಮೊದಲು. 2003ರ ನಂತರ ಆ ಕಪ್ಪಿನಲ್ಲಿ ನಾವು ಪೂರ್ತಿ ಆಡಿಯೇ ಇರಲಿಲ್ಲ. 2022ರಲ್ಲಿ ನಮ್ಮಲ್ಲೇ ಏಷ್ಯಾ ಕಪ್ ಇದ್ದಾಗ ತಂಡಕ್ಕೆ ಕೊರೊನಾ ತಗುಲಿ ನಡುವೆಯೇ ಹೊರಗೆ ಬರಬೇಕಾಗಿ ಬಂದದ್ದು ನಿಮಗೆ ನೆನಪಿರಬಹುದು.

ಸೀಮೆ ದೇಶದ ಒಂದು ಕಾರ್ಖಾನೆಯ ಕಥೆ

ಹೆಣ್ಣುಮಕ್ಕಳ ಫುಟ್‌ಬಾಲ್ ಕ್ಲಬ್ಬು ಹೇಗೆ ಹುಟ್ಟುತ್ತೆ, ಅದನ್ನು ಹೇಗೆ ಕತ್ತು ಹಿಸುಕಬಹುದು ಅಂತ ತಿಳಿಯೋಕೆ ಇಂಗ್ಲೆಂಡಿನ ಒಂದು ಉದಾಹರಣೆ ಹೇಳಲೇಬೇಕು. ಸ್ವಲ್ಪ ಸಾವಧಾನದಿಂದ ಓದಿ.

ಮೊದಲನೇ ಮಹಾಯುದ್ಧದ ಕಾಲ. ಗಂಡಸರೆಲ್ಲ ಯುದ್ಧಕ್ಕೆ ಹೋದರು. ಪ್ರೆಸ್ಟನ್ ಎಂಬ ಊರಿನ ‘ಡಿಕ್, ಕೆರ್’ ಕಂಪನಿಯ ಕಾರ್ಖಾನೆಯಲ್ಲಿ ಮದ್ದುಗುಂಡು ತಯಾರಿಸುವ ಕೆಲಸಕ್ಕೆ ಹೆಂಗಸರು ಬಂದರು. ಊಟದ ಬಿಡುವಿನಲ್ಲಿ ಅಂಗಳದಲ್ಲಿ ಚೆಂಡು ಒದೆಯುತ್ತಿದ್ದರು. 1917ರಲ್ಲಿ ಅದೇ ಒಂದು ತಂಡವಾಯಿತು. ಆ ವರ್ಷ ಕ್ರಿಸ್‌ಮಸ್ ದಿನ ಗಾಯಾಳು ಸೈನಿಕರ ಆಸ್ಪತ್ರೆಗೆ ದುಡ್ಡು ಎತ್ತಲು ಪಂದ್ಯ ಇಟ್ಟರೆ ಹತ್ತು ಸಾವಿರ ಜನ ಸೇರಿದರು. ಮೂರು ವರ್ಷ ಕಳೆದ ಮೇಲೆ, 1920ರ ಡಿಸೆಂಬರ್ 26ರಂದು ಲಿವರ್‌ಪೂಲಿನ ಗುಡಿಸನ್ ಪಾರ್ಕಿನಲ್ಲಿ ಸೇರಿದ್ದು 53 ಸಾವಿರ ಜನ! ಜಾಗ ಸಿಗದೆ ಗೇಟಿನ ಹೊರಗೆ ನಿಂತವರು ಸಾವಿರಾರು ಮಂದಿ. ಸಂಗ್ರಹವಾದ ಹಣ ಮತ್ತೆ ಧರ್ಮಕ್ಕೇ ಹೋಯಿತು.

ಇದು ಗಂಡಸರ ಫುಟ್‌ಬಾಲ್ ಸಂಘದವರ ಕಣ್ಣಿಗೆ ಬಿತ್ತು. ಹೆಂಗಸರ ಪಂದ್ಯಕ್ಕೆ ಇಷ್ಟು ಜನ ಬಂದರೆ ತಮ್ಮ ಗೇಟ್ ಕಲೆಕ್ಷನ್ ಗತಿ ಏನು? 1921ರ ಡಿಸೆಂಬರ್ 5ರಂದು ಠರಾವು ಪಾಸು ಮಾಡಿದರು. ಈ ಆಟ ಹೆಂಗಸರಿಗೆ ಹೊಂದುವುದಿಲ್ಲ, ಸಂಘದ ಸದಸ್ಯ ಕ್ಲಬ್ಬುಗಳು ತಮ್ಮ ಮೈದಾನವನ್ನು ಅವರಿಗೆ ಕೊಡಕೂಡದು ಅಂತ. ಜೊತೆಗೆ ಲೆಕ್ಕಪತ್ರ ಸರಿ ಇಲ್ಲ ಅನ್ನುವ ಗೊಣಗಾಟ ಬೇರೆ. ಆಟವನ್ನು ನಿಷೇಧಿಸಲಿಲ್ಲ ನೋಡಿ, ಮೈದಾನವನ್ನು ನಿಷೇಧಿಸಿದರು. ಬುದ್ಧಿವಂತರು! ಆ ನಿಷೇಧ ಸುಮಾರು ಐವತ್ತು ವರ್ಷ ಇತ್ತು. ಎತ್ತಿದ್ದು 1971ರಲ್ಲಿ. ಅಷ್ಟರಲ್ಲಿ ಆ ಕಾರ್ಖಾನೆ ಹುಡುಗೀರ ಕ್ಲಬ್ಬು ಹೆಸರು ಬದಲಾಯಿಸಿಕೊಂಡು, ಸಿಕ್ಕ ಸಿಕ್ಕ ಬಯಲಿನಲ್ಲಿ ಆಡಿಕೊಂಡು, ಕೊನೆಗೆ 1965ರಲ್ಲಿ ಬಾಗಿಲು ಹಾಕಿತ್ತು. ಅದೇ ಇಂಗ್ಲೆಂಡಿನಲ್ಲಿ 2022ರಲ್ಲಿ ಯೂರೋಪ್ ಕಪ್ಪಿನ ಹೆಂಗಸರ ಫೈನಲ್ ನೋಡಲು ವೆಂಬ್ಲಿಗೆ ಬಂದವರು 87,192 ಜನ.

ನಮ್ಮ ಕಡೆ ಅಂಥ ಠರಾವನ್ನು ಯಾರೂ ಪಾಸು ಮಾಡಿಲ್ಲ. ಅದರ ಅಗತ್ಯವೇ ಬಿದ್ದಿಲ್ಲ. ಸಾಯಂಕಾಲ ಐದು ಗಂಟೆಗೆ ಯಾವ ಊರಿನ ಶಾಲಾ ಮೈದಾನಕ್ಕಾದರೂ ಹೋಗಿ ನೋಡಿ. ಗಂಡು ಹುಡುಗರು ಮೂರು ಕಡೆ ವಿಕೆಟ್ ನೆಟ್ಟು ಕ್ರಿಕೆಟ್ ಆಡುತ್ತಿರುತ್ತಾರೆ. ಒಂದು ಮೂಲೆಯಲ್ಲಿ ವಾಲಿಬಾಲ್ ನೆಟ್ಟು. ಹುಡುಗೀರು ಎಲ್ಲಿ ಅಂದರೆ ಮೈದಾನದ ಪಕ್ಕದ ದಾರೀಲಿ ಹಾಲಿನ ಕ್ಯಾನು ಹಿಡಿದು ಡೇರಿಗೆ ಹೋಗುತ್ತಿರುತ್ತಾರೆ.

ಗಂಡಸರ ತಪ್ಪು, ಹೆಂಗಸರಿಗೆ ದಂಡ

ಕ್ಲಬ್ಬು ಕಟ್ಟೋದು ಒಂದು ಕಷ್ಟ, ಉಳಿಸೋದು ಇನ್ನೊಂದು ಕಷ್ಟ. ಇದಕ್ಕೆ ಎರಡು ಪ್ರಸಂಗ ಹೇಳ್ತೀನಿ.

2022ರ ಆಗಸ್ಟಿನಲ್ಲಿ ಗೋಕುಲಂ ಹುಡುಗೀರು ಏಷ್ಯಾ ಕ್ಲಬ್ಬುಗಳ ಪಂದ್ಯಾವಳಿ ಆಡಲು ಉಜ್ಬೆಕಿಸ್ತಾನದ ತಾಷ್ಕೆಂಟಿಗೆ ಹೋಗಿ ಇಳಿದರು. ಅಷ್ಟು ಹೊತ್ತಿಗೆ ಫೀಫಾದವರು ಭಾರತದ ಫುಟ್‌ಬಾಲ್ ಫೆಡರೇಷನ್ನನ್ನು ಅಮಾನತು ಮಾಡಿದ ಆಜ್ಞೆ ಬಂತು. ಫೆಡರೇಷನ್ನಿನ ಕುರ್ಚಿ ಜಗಳ, ಕೋರ್ಟು ಕಚೇರಿ ಅದಕ್ಕೆ ಕಾರಣ. ಹುಡುಗೀರು ಹೋಟೆಲಿನಲ್ಲಿ ಕೂತು ಪ್ರಧಾನ ಮಂತ್ರಿಗಳಿಗೆ ಮನವಿ ಬರೆದರು. ಅಮಾನತು ಆಗಸ್ಟ್ 26ಕ್ಕೆ ತೆರವಾಯಿತು. ಆದರೆ ಅಷ್ಟರಲ್ಲಿ ಅವರು ಒಂದೂ ಪಂದ್ಯ ಆಡದೆ ಪೆಟ್ಟಿಗೆ ಕಟ್ಟಿಕೊಂಡು ವಾಪಸ್ಸು ಬಂದಾಗಿತ್ತು.

ಇನ್ನೊಂದು ನಮ್ಮ ಬೆಂಗಳೂರಿನಲ್ಲೇ ಶುರುವಾದದ್ದು. 2023ರ ಮಾರ್ಚ್ 3ರಂದು ಕಂಠೀರವ ಸ್ಟೇಡಿಯಮ್ಮಿನಲ್ಲಿ ಬೆಂಗಳೂರು ಎಫ್.ಸಿ.ಗೂ ಕೇರಳ ಬ್ಲಾಸ್ಟರ್ಸ್‌ಗೂ ಗಂಡಸರ ಪಂದ್ಯ. ಸುನಿಲ್ ಛೆಟ್ರಿ ಫ್ರೀ ಕಿಕ್ ಹೊಡೆದು ಗೋಲು ಮಾಡಿದ ರೀತಿಗೆ ಕೇರಳದವರು ತಕರಾರು ಎತ್ತಿ ಅರ್ಧ ಆಟಕ್ಕೆ ಮೈದಾನ ಬಿಟ್ಟು ಹೊರನಡೆದರು. ಫೆಡರೇಷನ್ 4 ಕೋಟಿ ರೂಪಾಯಿ ದಂಡ ಹಾಕಿತು. ದುಡ್ಡು ಹೊಂದಿಸಬೇಕಲ್ಲ? ಆ ಕ್ಲಬ್ಬಿನವರು ಜೂನ್ ತಿಂಗಳಲ್ಲಿ ಏನು ಮಾಡಿದರು ಗೊತ್ತೆ? ಆ ದಂಡದ ಕಾರಣ ಹೇಳಿ ಹೆಣ್ಣುಮಕ್ಕಳ ತಂಡವನ್ನು ತಾತ್ಕಾಲಿಕವಾಗಿ ನಿಲ್ಲಿಸಿದರು. ಕಟ್ಟಿ ಒಂದು ವರ್ಷವೂ ತುಂಬಿರದ ತಂಡ. ಮೈದಾನ ಬಿಟ್ಟು ಓಡಿದವರು ಗಂಡಸರು, ಆಟ ಕಳೆದುಕೊಂಡವರು ಹೆಂಗಸರು. ಇದಕ್ಕೆ ವ್ಯಾಖ್ಯಾನ ಬೇಕಿಲ್ಲ. ನಮ್ಮ ಮನೆಗಳಲ್ಲೂ ಖರ್ಚು ಕಮ್ಮಿ ಮಾಡಬೇಕಾದಾಗ ಮೊದಲು ನಿಲ್ಲೋದು ಹೆಣ್ಣುಮಗಳ ಕಾಲೇಜು ಫೀಸೇ ಹೊರತು ಯಜಮಾನರ ಇಸ್ಪೀಟಲ್ಲ.

ಹಾಗಂತ ದುಡ್ಡು ಹಾಕೋರೇ ಇಲ್ಲ ಅಂತಲ್ಲ. ಗೋಕುಲಂ ಕ್ಲಬ್ಬಿನ ಬೆನ್ನಿಗೆ ನಿಂತಿರೋದು ಒಂದು ಚೀಟಿ ಕಂಪನಿ! ನಮ್ಮ ತಿಪಟೂರಿನ ವ್ಯಾಪಾರಸ್ಥರಿಗೆ ಚೀಟಿ ವ್ಯವಹಾರ ಹೇಳಿಕೊಡಬೇಕಿಲ್ಲ. ಆ ಚೀಟಿ ಲಾಭದ ಒಂದು ಪಾಲು ಹೆಣ್ಣುಮಕ್ಕಳ ಬೂಟಾಗಿ ಮೂರು ಸಲ ದೇಶದ ಕಪ್ಪು ತಂದಿತು ಅನ್ನೋದನ್ನು ಮಾತ್ರ ನೆನಪಿಸ್ತೀನಿ. 2023ರಲ್ಲಿ ಫೆಡರೇಷನ್ನಿನವರು ಒಂದು ಒಳ್ಳೇ ಕೆಲಸ ಮಾಡಿದರು. ಲೀಗಿನ ಪ್ರತಿ ಕ್ಲಬ್ಬು ಕನಿಷ್ಠ ಹತ್ತು ಜನ ಭಾರತೀಯ ಆಟಗಾರ್ತಿಯರಿಗೆ ವರ್ಷಕ್ಕೆ 3.2 ಲಕ್ಷ ರೂಪಾಯಿಗೆ ಕಮ್ಮಿ ಇಲ್ಲದಂತೆ ಸಂಬಳ ಕೊಡಬೇಕು ಅಂತ ನಿರ್ಧಾರ ಮಾಡಿದರು. ತಿಂಗಳಿಗೆ ಇಪ್ಪತ್ತಾರು ಸಾವಿರದ ಮೇಲೆ. ಗಾರ್ಮೆಂಟ್ಸಿಗೆ ಹೋಗೋ ಹುಡುಗಿಗೆ ಕೈಗೆ ಸಿಗೋದು ಎಷ್ಟು ಅಂತ ನೀವೇ ಕೇಳಿ ನೋಡಿ.

ಹಳ್ಳಿಯಲ್ಲಿ ಆಗುತ್ತೇನು?

‘ಅದೆಲ್ಲಾ ಪಟ್ಟಣದೋರಿಗೆ ಕಣ್ರೀ, ನಮ್ಮಲ್ಲಿ ಆಗೋ ಮಾತಾ’ ಅಂತ ಕಟ್ಟೆ ಮೇಲೆ ಕೂತೋರು ಹೇಳೋದು ನನಗೆ ಇಲ್ಲಿಂದಲೇ ಕೇಳಿಸ್ತಿದೆ. ಆಗಿದೆ. ಜಾರ್ಖಂಡಿನಲ್ಲಿ ರಾಂಚಿ ಪಕ್ಕದ ಹಳ್ಳಿಗಳಲ್ಲಿ ‘ಯುವಾ’ ಅನ್ನುವ ಸಂಸ್ಥೆ 2009ರಲ್ಲಿ ಆದಿವಾಸಿ ಹೆಣ್ಣುಮಕ್ಕಳಿಗೆ ಫುಟ್‌ಬಾಲ್ ಶುರು ಮಾಡಿತು. ಬಾಲ್ಯವಿವಾಹ ಕಾಡುವ ಸೀಮೆ ಅದು. 2013ರಲ್ಲಿ ಆ ಹುಡುಗೀರು ಸ್ಪೇನ್ ದೇಶಕ್ಕೆ ಹೋಗಿ ಒಂದು ಪಂದ್ಯಾವಳಿಯಲ್ಲಿ ಮೂರನೇ ಸ್ಥಾನ ಗೆದ್ದು ಬಂದರು. ಹೋಗುವ ಮುಂಚೆ ಪಾಸ್‌ಪೋರ್ಟಿಗೆ ಜನನ ಪತ್ರ ಕೇಳಲು ಪಂಚಾಯ್ತಿ ಆಫೀಸಿಗೆ ಹೋದರೆ ಕಸ ಗುಡಿಸೋಕೆ ಹಚ್ಚಿದ್ದರು, ಕೆನ್ನೆಗೂ ಬಿದ್ದಿತ್ತು ಅಂತ ಆಗ ಪತ್ರಿಕೆಗಳಲ್ಲಿ ಬಂದಿತ್ತು. 2019ರಲ್ಲಿ ಅದೇ ಸಂಸ್ಥೆಗೆ ಲಾರಿಯಸ್ ಅನ್ನುವ ಜಗತ್ತಿನ ದೊಡ್ಡ ಕ್ರೀಡಾ ಪ್ರಶಸ್ತಿ ಬಂತು.

2022ರ ಅಕ್ಟೋಬರಿನಲ್ಲಿ ಹದಿನೇಳು ವರ್ಷದೊಳಗಿನ ಹುಡುಗೀರ ವಿಶ್ವಕಪ್ ಭಾರತದಲ್ಲೇ ನಡೆಯಿತು. ನಮ್ಮ ತಂಡ ಅಮೆರಿಕಕ್ಕೆ 8, ಮೊರಾಕ್ಕೊಗೆ 3, ಬ್ರೆಜಿಲ್‌ಗೆ 5 ಗೋಲು ಬಿಟ್ಟುಕೊಟ್ಟಿತು. ತಿರುಗಿ ಒಂದೂ ಹೊಡೆಯಲಿಲ್ಲ. ಮುಚ್ಚಿಡುವಂಥದ್ದೇನಿದೆ? ಚಿಕ್ಕಂದಿನಿಂದ ಚೆಂಡು ಕಾಲಿಗೆ ಸಿಕ್ಕವರಿಗೂ, ಹದಿಮೂರು ಹದಿನಾಲ್ಕಕ್ಕೆ ಸಿಕ್ಕವರಿಗೂ ಇರೋ ಅಂತರ ಅದು. ಆ ತಂಡದ ನಾಯಕಿ ಅಷ್ಟಂ ಉರಾಂವ್, ಜಾರ್ಖಂಡಿನ ಗುಮ್ಲಾ ಜಿಲ್ಲೆಯ ಹಳ್ಳಿ ಹುಡುಗಿ. ಆಕೆಯ ಹೆಸರಿನಲ್ಲಿ ಜಿಲ್ಲಾಡಳಿತ ಮನೆ ತನಕ ರಸ್ತೆ ಮಾಡಿಸಲು ಹೊರಟಿತು. ಆ ರಸ್ತೆಗೆ ದಿನಗೂಲಿಗೆ ಜಲ್ಲಿ ಹೊತ್ತವರಲ್ಲಿ ಆಕೆಯ ಅಪ್ಪ ಅಮ್ಮನೂ ಇದ್ದರು. ಮಗಳು ದೇಶದ ಬಾವುಟದ ಮುಂದೆ ನಿಂತಿದ್ದಾಗ ಹೆತ್ತವರ ತಲೆ ಮೇಲೆ ಬಾಂಡ್ಲಿ.

ದೂರ ಯಾಕೆ, ನಮ್ಮ ರಾಜ್ಯದ್ದೇ ನೋಡಿ. ಮೈಸೂರು ಜಿಲ್ಲೆ ಟಿ. ನರಸೀಪುರ ತಾಲ್ಲೂಕಿನ ಕುರುಬೂರು ಒಂದು ಹಳ್ಳಿ. ಅಲ್ಲಿಯ ಚೈತ್ರಾ 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ಗೆದ್ದ ಭಾರತ ತಂಡದಲ್ಲಿದ್ದರು. ಗಂಡಸರ ತಂಡದಲ್ಲಿ ನಮ್ಮವರು ಗೌತಮ್. ರಾಜ್ಯ ಸರ್ಕಾರ ಇಬ್ಬರಿಗೂ ತಲಾ 5 ಲಕ್ಷ ರೂಪಾಯಿ ಘೋಷಿಸಿತು. ಮಹಾರಾಷ್ಟ್ರ ಸರ್ಕಾರ ತನ್ನ ಆಟಗಾರರಿಗೆ ಎರಡು ಕಾಲು ಕೋಟಿ, ಮೇಲೆ ಸರ್ಕಾರಿ ನೌಕರಿ ಕೊಟ್ಟಿತ್ತು. ನಮ್ಮ ಇಬ್ಬರೂ ‘ನಿಮ್ಮ ಐದು ಲಕ್ಷ ನಮಗೆ ಬೇಡ’ ಅಂದುಬಿಟ್ಟರು. ಕೆಲವರು ಇದನ್ನು ದುರಹಂಕಾರ ಅಂದರು. ನನಗೆ ಹಾಗನ್ನಿಸಲಿಲ್ಲ. ಹಳ್ಳಿ ಹುಡುಗಿಯೊಬ್ಬಳು ತನ್ನ ಆಟಕ್ಕೆ ಬೆಲೆ ಕಟ್ಟಿ, ಕಮ್ಮಿ ರೇಟಿಗೆ ಮಾಲು ಕೊಡೋಲ್ಲ ಅಂದದ್ದು ಅದು. ಮಂಡಿಯಲ್ಲಿ ರೈತ ಹಾಗೆ ಅಂದರೆ ನಾವೇ ಭೇಷ್ ಅಂತೀವಿ.

ನಮ್ಮೂರಿನ ಲೆಕ್ಕ

ಈಗ ಹಾಲ್ಕುರಿಕೆಗೆ ಬರೋಣ. ನಮ್ಮ ಸೀಮೆ ಹುಡುಗೀರು ಆಡೋದಿಲ್ಲ ಅಂತಲ್ಲ. ಹೈಸ್ಕೂಲಲ್ಲಿ ಖೋ ಖೋ, ಕಬಡ್ಡಿ, ಥ್ರೋಬಾಲ್ ಎಲ್ಲಾ ಆಡ್ತಾರೆ, ತಾಲ್ಲೂಕು ಮಟ್ಟಕ್ಕೂ ಹೋಗ್ತಾರೆ. ಎಸ್.ಎಸ್.ಎಲ್.ಸಿ. ಪರೀಕ್ಷೆ ಮುಗಿದ ದಿನ ಆ ಕಾಲು ನಿಂತು ಹೋಗುತ್ತೆ. ಆಮೇಲೆ ಓಡೋದು ಬಸ್ಸು ಹಿಡಿಯೋಕೆ ಮಾತ್ರ. ಶಾಲೆಯ ತಂಡ ಶಾಲೆಯ ಜೊತೆಗೇ ಮುಗಿದು ಹೋಗುತ್ತೆ. ಕ್ಲಬ್ಬು ಬೇಕು ಅನ್ನೋದು ಈ ಕಾರಣಕ್ಕೆ. ಕ್ಲಬ್ಬಿಗೆ ಹತ್ತನೇ ಕ್ಲಾಸೂ ಇಲ್ಲ, ಟಿ.ಸಿ.ಯೂ ಇಲ್ಲ.

ಮೊದಲು ಜಾಗ. ಪೂರ್ತಿ ಫುಟ್‌ಬಾಲ್ ಮೈದಾನಕ್ಕೆ ಒಂದೂವರೆ ಎಕರೆ ಮೇಲೆ ಬೇಕು. ಆದರೆ ಏಳು ಏಳು ಜನ ಆಡುವ ಸಣ್ಣ ಮೈದಾನಕ್ಕೆ 60 ಗಜ ಉದ್ದ, 40 ಗಜ ಅಗಲ ಸಾಕು. ಲೆಕ್ಕ ಹಾಕಿದರೆ ಇಪ್ಪತ್ತು ಗುಂಟೆ. ಪಿ.ಯು.ಸಿ. ಅರ್ಧಕ್ಕೆ ಬಿಟ್ಟವನ ಲೆಕ್ಕ ಅಂತ ಅನುಮಾನ ಬಂದರೆ ಶಾನುಭೋಗರ ಮನೆಯವರನ್ನು ಕೇಳಿಕೊಳ್ಳಿ. ಉದ್ಯೋಗ ಖಾತ್ರಿ ಹಣದಲ್ಲಿ ಶಾಲಾ ಮೈದಾನ ಸಮ ಮಾಡಿಸಿದ ಪಂಚಾಯ್ತಿಗಳು ರಾಜ್ಯದಲ್ಲಿ ಬೇಕಾದಷ್ಟಿವೆ. ಗೋಲಿಗೆ 12 ಅಡಿ ಅಗಲ, 6 ಅಡಿ ಎತ್ತರ. ಅಡಿಕೆ ಮರದ ದಬ್ಬೆಗೂ ತೆಂಗಿನ ತೀರಿಗೂ ನಮ್ಮಲ್ಲಿ ಬರವೆ?

ಆಮೇಲೆ ದುಡ್ಡು. ಇದು ನನ್ನ ಅಂದಾಜು, ಅಂಗಡಿಯವರು ತಿದ್ದಬಹುದು. ಇಪ್ಪತ್ತು ಹುಡುಗೀರ ತಂಡ ಅಂತಿಟ್ಟುಕೊಳ್ಳಿ. ಆರು ಚೆಂಡು, ಒಂದಕ್ಕೆ 800ರಂತೆ 4,800. ಬೂಟು ಜೊತೆಗೆ ಸಾವಿರದಂತೆ 20 ಸಾವಿರ. ಬನಿಯನ್ನು ಚಡ್ಡಿ 8 ಸಾವಿರ. ಸೀಟಿ, ಬ್ಯಾಂಡೇಜು, ಅದು ಇದು 3 ಸಾವಿರ. ಆಡಿದ ಮೇಲೆ ಮೊಟ್ಟೆಯೋ ಬಾಳೆಹಣ್ಣೋ ಕೊಡಬೇಕು. ತಲೆಗೆ ದಿನಕ್ಕೆ 10 ರೂಪಾಯಿ, ತಿಂಗಳಿಗೆ 25 ದಿನ, ಹತ್ತು ತಿಂಗಳಿಗೆ 50 ಸಾವಿರ. ಹೇಳಿಕೊಡುವವರಿಗೆ ತಿಂಗಳಿಗೆ 8 ಸಾವಿರದಂತೆ 80 ಸಾವಿರ. ಒಟ್ಟು 1,65,800 ರೂಪಾಯಿ. 2025ರಲ್ಲಿ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಕಟ್ಟಿದ ಬೆಂಬಲ ಬೆಲೆ ಕ್ವಿಂಟಾಲಿಗೆ 12,100. ಆ ರೇಟಿನಲ್ಲಿ ಹದಿನಾಲ್ಕು ಕ್ವಿಂಟಾಲಿಗೂ ಕಮ್ಮಿ. ಅದೇ ವರ್ಷ ತಿಪಟೂರು ಮಾರುಕಟ್ಟೆಯಲ್ಲಿ ಧಾರಣೆ 20 ಸಾವಿರ ದಾಟಿ ಓಡಿದ್ದು ನಿಮಗೇ ಗೊತ್ತು. ಆ ರೇಟು ಹಿಡಿದರೆ ಎಂಟೂ ಚಿಲ್ಲರೆ ಕ್ವಿಂಟಾಲು. ಒಂದು ಜಾತ್ರೆಯ ಆರ್ಕೆಸ್ಟ್ರಾ, ಸೀರಿಯಲ್ ಸೆಟ್ಟು, ಹೊನಲು ಬೆಳಕಿನ ವಾಲಿಬಾಲ್ ಪಂದ್ಯಕ್ಕೆ ಒಂದೇ ರಾತ್ರಿಯಲ್ಲಿ ಎಷ್ಟು ಕರಗುತ್ತೆ ಅಂತ ಚಂದಾ ಪುಸ್ತಕ ತೆಗೆದು ನೋಡಿ.

ತೆಂಗಿನ ನಾಡಿನ ಹೆಂಗಸರ ಕೈಯಿಲ್ಲದೆ ಒಂದು ಚೀಲ ಕೊಬ್ಬರಿಯೂ ಮಂಡಿಗೆ ಬರೋದಿಲ್ಲ. ಕರಟ ಬಿಡಿಸಿ, ಹೆರೆದು, ಆರಿಸಿ, ಚೀಲ ತುಂಬೋದು ಯಾರು? ಅದೇ ಮನೆ ಹುಡುಗಿಗೆ ಒಂದು ಜೊತೆ ಬೂಟು ಅಂದರೆ ಖರ್ಚು ಅನ್ನಿಸುತ್ತೆ.

ಮೂರನೇದು ಬಸ್ಸು. ಇದರಲ್ಲಿ ಸರ್ಕಾರ ಅರ್ಧ ಕೆಲಸ ಮಾಡಿಕೊಟ್ಟಿದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದು ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡಿಲ್ಲ. ಹಾಲ್ಕುರಿಕೆಯ ಹುಡುಗಿ ತಿಪಟೂರಿನ ಕಲ್ಪತರು ಕ್ರೀಡಾಂಗಣಕ್ಕೂ, ತುಮಕೂರಿಗೂ, ಬೇಕಾದರೆ ಬೆಂಗಳೂರಿನ ಫುಟ್‌ಬಾಲ್ ಸ್ಟೇಡಿಯಮ್ಮಿಗೂ ಕೈಯಿಂದ ಒಂದು ಪೈಸೆ ಕೊಡದೆ ಹೋಗಿ ಬರಬಹುದು. ಚಿತ್ರಾ ಗಂಗಾಧರನ್ ಕಾಲದವರಿಗೆ ಇಲ್ಲದ ಅನುಕೂಲ ಇದು. ಆದರೆ ಪ್ರಾಕ್ಟೀಸು ಮುಗಿಯೋದು ಸಾಯಂಕಾಲ ಆರೂವರೆಗೆ. ಆಮೇಲೆ ಊರ ಕಡೆ ಬಸ್ಸು ಇರಬೇಕು, ಇದ್ದರೂ ಕೈ ಅಡ್ಡ ಹಾಕಿದಾಗ ನಿಲ್ಲಿಸಬೇಕು. ‘ಫ್ರೀ ಗಿರಾಕಿ’ ಅಂತ ಮುಂದಕ್ಕೆ ಓಡಿಸುವ ಡ್ರೈವರ್ ಮಹಾಶಯರು ಇದನ್ನು ಓದುತ್ತಿದ್ದರೆ ದಯವಿಟ್ಟು ಗಮನಿಸಿ. ಹೆತ್ತವರ ಹೆದರಿಕೆಯೂ ಆಟದ ಬಗ್ಗೆ ಅಲ್ಲ, ಕತ್ತಲಾದ ಮೇಲೆ ಮಗಳು ಗೇಟಿನಲ್ಲಿ ಒಬ್ಬಳೇ ನಿಲ್ಲೋದರ ಬಗ್ಗೆ. ಹಾಗಾಗಿ ಮೈದಾನ ಊರಲ್ಲೇ ಇರಬೇಕು, ಪಂದ್ಯಕ್ಕೆ ಮಾತ್ರ ಬಸ್ಸು ಹತ್ತಬೇಕು.

ಇನ್ನೊಂದು ವಿಷಯ, ಬರೆಯೋಕೆ ಸಂಕೋಚಪಟ್ಟು ಎಲ್ಲರೂ ಬಿಟ್ಟುಬಿಡೋದು. ಮೈದಾನದ ಪಕ್ಕ ಬಾಗಿಲು, ಚಿಲಕ, ನೀರು ಇರುವ ಒಂದು ಶೌಚಾಲಯ, ಬಟ್ಟೆ ಬದಲಾಯಿಸಲು ಒಂದು ಕೋಣೆ. ಇದಿಲ್ಲದೆ ಹದಿಮೂರು ದಾಟಿದ ಹುಡುಗಿ ತಿಂಗಳಲ್ಲಿ ನಾಲ್ಕು ದಿನ ಬರೋದಿಲ್ಲ, ಆಮೇಲೆ ಬರೋದೇ ಇಲ್ಲ. ಗಂಡಸರ ಕಮಿಟಿಗಳಿಗೆ ಇದು ಹೊಳೆಯೋದೂ ಇಲ್ಲ. ಕ್ಲಬ್ಬಿನ ಕಮಿಟಿಯಲ್ಲಿ ಅರ್ಧದಷ್ಟಾದರೂ ಹೆಂಗಸರೇ ಇರಲಿ ಅನ್ನೋದು ಅದಕ್ಕೇ. ಸ್ತ್ರೀಶಕ್ತಿ ಸಂಘ ಪ್ರತಿ ಊರಲ್ಲೂ ಇದೆ. ಸಾಲದ ಕಂತು ಒಂದು ದಿನ ತಪ್ಪದ ಹಾಗೆ ಲೆಕ್ಕ ಇಡೋರಿಗೆ ಆರು ಚೆಂಡಿನ ಲೆಕ್ಕ ಇಡೋದು ದೊಡ್ಡದೇ?

ಮೇಲಿನ ಮೆಟ್ಟಿಲುಗಳೇನೋ ಇವೆ. ಸುಬ್ರೊತೊ ಕಪ್ಪಿನಲ್ಲಿ 2012ರಿಂದ ಹುಡುಗೀರ ವಿಭಾಗವೂ ಇದೆ. ಶಾಲೆ ಮೂಲಕ ಹೆಸರು ಕೊಟ್ಟು ತಾಲ್ಲೂಕಿನಿಂದ ದೆಹಲಿ ತನಕ ಹೋಗಬಹುದು. ಖೇಲೋ ಇಂಡಿಯಾದವರ ‘ಅಸ್ಮಿತಾ’ ಲೀಗುಗಳು ಸಣ್ಣ ಹುಡುಗೀರಿಗೇ ಅಂತ ಇರೋದು. ಪೊಲೀಸ್ ನೇಮಕಾತಿಯಲ್ಲಿ ಕ್ರೀಡಾ ಕೋಟಾ ಇದೆ. ಗಂಡಸರ ಕಡೆ 2023ರ ಮಾರ್ಚಿನಲ್ಲಿ ಕರ್ನಾಟಕ ಮೇಘಾಲಯವನ್ನು 3-2ರಿಂದ ಸೋಲಿಸಿ 54 ವರ್ಷದ ಮೇಲೆ ಸಂತೋಷ್ ಟ್ರೋಫಿ ತಂದಿತು. ರಾಜ್ಯ ಸಂಸ್ಥೆಗೆ ಹುರುಪಿದೆ ಅಂತಾಯಿತು. ಜಿಲ್ಲೆಗಳ ಕಡೆ ಆ ಹುರುಪು ಎಷ್ಟು ಹರಿದಿದೆ ಅಂತ ತಿಪಟೂರಿನಲ್ಲಿ ನಿಂತು ನೋಡಿದರೆ ಕಾಣುತ್ತೆ.

ಮುಂದಿನ ಗ್ರಾಮಸಭೆಯಲ್ಲಿ ಬೀದಿ ದೀಪ, ಚರಂಡಿ, ಕುಡಿಯುವ ನೀರು ಎಲ್ಲಾ ಚರ್ಚೆಗೆ ಬರುತ್ತೆ. ಹಾಲ್ಕುರಿಕೆಯವರು ಒಬ್ಬರಾದರೂ ಎದ್ದು ನಿಂತು ಹೆಣ್ಣುಮಕ್ಕಳ ಆಟಕ್ಕೆ ಇಪ್ಪತ್ತು ಗುಂಟೆ ಅಂತ ಬಾಯಿಬಿಟ್ಟು ಕೇಳಿ, ನಡಾವಳಿ ಪುಸ್ತಕದಲ್ಲಿ ಬರೆಸಲಿ. ಒಪ್ಪಿದರು ಅಂತಲೋ ನಿರಾಕರಿಸಿದರು ಅಂತಲೋ, ಹೆಸರು ಸಮೇತ ಇದೇ ಅಂಕಣದಲ್ಲಿ ಪ್ರಕಟಿಸುತ್ತೇವೆ.